ನೋಡದೆ ಉಳಿದ ಸ್ಥಳಗಳು

ಪ್ರವಾಸ ಮುಗಿಸಿ ಬಂದವನನ್ನು ನೆರೆಹೊರೆಯವರು ಏನೇನು ನೋಡಿದಿರಿ ಎಂದು ಕೇಳುವುದುಂಟೇ ಹೊರತು ಏನೇನು ನೋಡದೆ ಬಿಟ್ಟಿರಿ ಎಂದು ಕೇಳುವುದಿಲ್ಲ. ಆದರೆ ಒಂದು ನಾಡನ್ನು ಮೊದಲ ಸಲ ಕಂಡವನ ವಿವೇಕವನ್ನು ಅರಿಯಲು ಎರಡನೆಯ ಪ್ರಶ್ನೆಯೇ ಹೆಚ್ಚು ತಕ್ಕದ್ದೆಂದು ನನ್ನ ದೃಢವಾದ ನಂಬಿಕೆ. ಕಾಶಿಯಿಂದ ರಾಮೇಶ್ವರದವರೆಗೆ ಹಬ್ಬಿದ ದೇಶವನ್ನು ಒಂದೇ ಯಾತ್ರೆಯಲ್ಲಿ ಕಂಡು ಮುಗಿಸುವೆನೆಂದು ಯಾರೂ ಹೊರಡುವುದಿಲ್ಲ. ಚಿಕ್ಕ ನಾಡಿನ ವಿಷಯದಲ್ಲಿ ಮಾತ್ರ ಆ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕಾಲೇಜುಗಳಿಗೆ ರಜೆ ಬಿದ್ದೊಡನೆ ವಿದ್ಯಾರ್ಥಿಗಳೂ ಮನೆಮಂದಿಯೂ ಕಟ್ಟಿಕೊಂಡು ಹೊರಡುವ ದಕ್ಷಿಣದ ಪ್ರವಾಸಗಳಲ್ಲಿ ಕೊಡಗಿಗೆ ಒಂದು ಸ್ಥಾನ ಇದ್ದೇ ಇರುತ್ತದೆ. ಇಂದು ಅದೊಂದು ಜಿಲ್ಲೆ. ಆದರೆ 1834ರವರೆಗೆ ಹಾಲೇರಿ ವಂಶದ ಅರಸರು ಆಳಿದ ಒಂದು ದೇಶವೇ ಆಗಿತ್ತು, ಸ್ವಾತಂತ್ರ್ಯಾನಂತರವೂ 24 ಸದಸ್ಯರ ವಿಧಾನಸಭೆಯನ್ನೂ ಮುಖ್ಯಮಂತ್ರಿಯಾಗಿ ಸಿ. ಎಂ. ಪೂಣಚ್ಚನವರನ್ನೂ ಪಡೆದ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಸೇರಿತು. ಅದರ ವಿಸ್ತಾರ ಸುಮಾರು 4,100 ಚದರ ಕಿಲೋಮೀಟರು, ಎಂದರೆ ಹೆಚ್ಚುಕಡಿಮೆ ಇಂದಿನ ಧಾರವಾಡ ಜಿಲ್ಲೆಯಷ್ಟೇ. ನವಲಗುಂದದ ಎರೆಹೊಲಗಳ ನಡುವೆ ನೆಟ್ಟಗೆ ಸಾಗುವ ದಾರಿಯಲ್ಲಿ ದೂರವನ್ನು ಅಳೆದು ರೂಢಿಯಾದ ನಾವು ಅದೇ ಲೆಕ್ಕವನ್ನು ಘಟ್ಟದ ನಾಡಿಗೂ ಹಚ್ಚಿ, ಎರಡು ದಿನ ಸಾಕೆಂದುಕೊಳ್ಳುತ್ತೇವೆ. ರಾಜಾಸೀಟು, ಅಬ್ಬಿ ಜಲಪಾತ, ಓಂಕಾರೇಶ್ವರ, ದುಬಾರೆಯ ಆನೆಗಳು, ತಲಕಾವೇರಿ—ಇಷ್ಟಾದರೆ ಕೊಡಗು ಆಯಿತೆಂಬುದು ನಮ್ಮ ಗಣಿತ.

ಈ ಗಣಿತದಿಂದ ಹೊರಗುಳಿಯುವುದರಲ್ಲಿ ಕಕ್ಕಬ್ಬೆಯ ಬಳಿ, ತಡಿಯಂಡಮೋಳು ಬೆಟ್ಟದ ಅಡಿಯಲ್ಲಿರುವ ನಾಲ್ಕುನಾಡು ಅರಮನೆಯೊಂದು. ದೊಡ್ಡ ವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ್ದೆನ್ನುವ ಈ ಕಟ್ಟಡಕ್ಕೆ ಅರಮನೆಯೆಂಬ ಹೆಸರಿದ್ದರೂ ಅದರಲ್ಲಿ ಅರಸೊತ್ತಿಗೆಯ ಆಡಂಬರವಿಲ್ಲ. ಹೆಂಚಿನ ಮಾಡು, ಮರದ ಕಂಬಗಳು, ಮಾಸಿದ ವರ್ಣಚಿತ್ರಗಳು, ಅಂಗಳದಲ್ಲೊಂದು ಪುಟ್ಟ ಮಂಟಪ, ಸುತ್ತಲೂ ಕಾಡು. ಮಡಿಕೇರಿಯ ಕೋಟೆಯೊಳಗಿನ ಅರಮನೆಯನ್ನೂ ಅದರ ಅಂಗಳದ ಗಾರೆಯ ಆನೆಗಳನ್ನೂ ಕಂಡವನಿಗೆ ಕೊಡಗಿನ ಅರಸರ ವೈಭವ ತಿಳಿಯುತ್ತದೆ. ಅವರ ಆತಂಕ ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ಒಂದು ದಿಕ್ಕಿನಲ್ಲಿ ಮೈಸೂರಿನ ಸೈನ್ಯ, ಇನ್ನೊಂದು ದಿಕ್ಕಿನಲ್ಲಿ ಇಂಗ್ಲಿಷರ ಸ್ನೇಹ, ಇವೆರಡರ ನಡುವೆ ಬದುಕಬೇಕಾಗಿದ್ದ ಅರಸನಿಗೆ ಶತ್ರುವಿನ ಕಣ್ಣಿಗೆ ಬೀಳದ ಒಂದು ಮನೆ ಬೇಕಾಗಿತ್ತು. 1834ರಲ್ಲಿ ಕೊನೆಯ ಅರಸ ಚಿಕವೀರರಾಜೇಂದ್ರನು ಇಂಗ್ಲಿಷರಿಗೆ ಶರಣಾಗುವ ಮುನ್ನ ಆಶ್ರಯ ಹುಡುಕಿದ್ದೂ ಇಲ್ಲಿಯೇ. ದೊಡ್ಡ ರಾಜ್ಯಗಳು ಕೋಟೆಕೊತ್ತಲಗಳಿಂದ ಉಳಿದರೆ ಚಿಕ್ಕ ದೇಶಗಳು ಮರೆಯಿಂದ ಉಳಿದವು. ಆದುದರಿಂದ ಚಿಕ್ಕ ದೇಶದಲ್ಲಿ ದಾರಿ ಕಷ್ಟವೆಂದು ನಾವು ಬಿಟ್ಟುಬರುವ ಸ್ಥಳವು ಎಷ್ಟೋ ವೇಳೆ ಅದರ ಚರಿತ್ರೆಯ ಮರ್ಮಸ್ಥಾನವೇ ಆಗಿರುತ್ತದೆ. ಕರ್ನಾಟಕದ ಐದನೆಯ ಒಂದು ಪಾಲಿನಷ್ಟಿರುವ ಭೂತಾನಕ್ಕೆ ಹೋಗುವ ನಮ್ಮವರು ಪಾರೋ, ಥಿಂಪು, ಪುನಾಖಾಗಳ ಸುತ್ತಿನಲ್ಲಿಯೇ ತಿರುಗಿ, ಪೂರ್ವದ ಕಣಿವೆಗಳ ಹೆಸರನ್ನೂ ಕೇಳದೆ ಮರಳುವುದಕ್ಕೂ ಈ ಮಾತು ಸಲ್ಲುವುದು.

ಹಾಗೆಂದು ನೋಡದೆ ಉಳಿದುದೆಲ್ಲವೂ ನಷ್ಟವೆಂದು ಹೇಳಲಾಗದು. ಕೆಲವು ಸ್ಥಳಗಳನ್ನು ಕಾಲವೇ ಮುಚ್ಚಿಟ್ಟಿರುತ್ತದೆ. ತಲಕಾವೇರಿಯ ಕುಂಡಿಕೆಯನ್ನು ಯಾವ ದಿನವಾದರೂ ನೋಡಬಹುದು; ತೀರ್ಥೋದ್ಭವವನ್ನು ಕಾಣಬೇಕಾದರೆ ತುಲಾ ಸಂಕ್ರಮಣದ ಮುಹೂರ್ತಕ್ಕೆ, ಅದು ನಡುರಾತ್ರಿಯೇ ಆಗಲಿ, ಅಲ್ಲಿ ಕಾದಿರಬೇಕು. ಪುತ್ತರಿಯ ರಾತ್ರಿ ಮನೆತನದವರೆಲ್ಲ ಐನ್‌ಮನೆಯಲ್ಲಿ ಕೂಡಿ, ಗದ್ದೆಗೆ ನಡೆದು, ಬಂದೂಕು ಹಾರಿಸಿ ಹೊಸ ಕದಿರು ಕೊಯ್ದು ತರುವುದನ್ನು ಏಪ್ರಿಲಿನ ರಜೆಯಲ್ಲಿ ಹೋದವನು ಎಷ್ಟು ಹಣ ಕೊಟ್ಟರೂ ಕಾಣಲಾರ. ಇನ್ನು ಕೆಲವನ್ನು ಮರ್ಯಾದೆಯೇ ಮುಚ್ಚಿಟ್ಟಿರುತ್ತದೆ. ಐನ್‌ಮನೆ ಒಂದು ಕುಲದವರು ತಮ್ಮ ಹಿರಿಯರನ್ನು ನೆನೆಯುವ ತಾಣ. ಕರೆಯದೆ ಒಳಹೊಕ್ಕು ಚಿತ್ರ ತೆಗೆಯುವ ಪ್ರದರ್ಶನಶಾಲೆಯಲ್ಲ. ಆ ಪುಟ್ಟ ನಾಡಿನಲ್ಲಿ ಸಾವಿರಕ್ಕೂ ಮಿಕ್ಕಿರುವ ದೇವರಕಾಡುಗಳು ಇಂದಿಗೂ ಮರಗಳನ್ನು ಕಾಪಾಡಿಕೊಂಡಿದ್ದರೆ, ಅಲ್ಲಿ ಎಲ್ಲರೂ ಎಲ್ಲ ಕಾಲಕ್ಕೂ ಕಾಲಿಡಕೂಡದೆಂಬ ಕಟ್ಟಳೆಯೂ ಅದಕ್ಕೊಂದು ಕಾರಣ. ಇಂಥವನ್ನು ದೂರದಿಂದಲೇ ಗೌರವಿಸಿ ಬಂದವನು ಏನನ್ನೂ ಕಳೆದುಕೊಂಡವನಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ವರ್ಷಕ್ಕೊಂದು ರಜೆ, ಕೂಡಿಟ್ಟ ಅಲ್ಪ ಹಣ, ಜೊತೆಗೆ ಮಕ್ಕಳುಮರಿ. ಮತ್ತೆ ಇಷ್ಟು ದೂರ ಬರುವ ಯೋಗ ಉಂಟೋ ಇಲ್ಲವೋ ಎನ್ನುವ ಗೃಹಸ್ಥನು ಆದಷ್ಟನ್ನು ನೋಡಿಬಿಡೋಣವೆಂದರೆ ಅದರಲ್ಲಿ ತಪ್ಪೇನು? ಆ ಆಸೆ ಸಹಜವಾದುದು, ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮತ್ತೆ ಬರಲಾರದವನಿಗೇ ನಿಧಾನ ಹೆಚ್ಚು ಅವಶ್ಯ. ಒಂದೇ ಹಗಲಿನಲ್ಲಿ ಏಳು ಸ್ಥಳಗಳನ್ನು ಮುಟ್ಟಿದವನ ಮನಸ್ಸಿನಲ್ಲಿ ಉಳಿಯುವುದು ಬಸ್ಸಿನ ಕಿಟಕಿ ಮತ್ತು ಊಟದ ಸಾಲು. ಒಂದು ಸ್ಥಳದಲ್ಲಿ ಹಗಲೆಲ್ಲ ಇದ್ದವನಿಗೆ ಅಲ್ಲಿಯ ಮಳೆ, ಮಾತು, ಮನೆಯ ಬಾಗಿಲಿನ ಕೆತ್ತನೆ, ಕಾಫಿ ತೋಟದ ಕೂಲಿಯವರ ನಡಿಗೆ ಇವೆಲ್ಲ ಬಹುಕಾಲ ನೆನಪಿರುತ್ತವೆ. ಮೇಲಾಗಿ ಎಲ್ಲರೂ ಅವೇ ಐದಾರು ಸ್ಥಳಗಳಿಗೆ ನುಗ್ಗುವುದರಿಂದ ಆ ನಾಡಿಗೆ ಆಗುವ ಭಾರವೂ ಸಣ್ಣದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜೀವಹಾನಿಯಾದ ಮೇಲೆ, ಆ ನೆಲ ಎಷ್ಟು ಸುಕುಮಾರವಾದುದೆಂಬುದನ್ನು ಪ್ರವಾಸಿಯಾದವನು ಮರೆಯತಕ್ಕದ್ದಲ್ಲ.

ನೋಡದೆ ಉಳಿಯುವುದಕ್ಕೆ ದೂರವೇ ಕಾರಣವೆಂಬುದೂ ಪೂರ್ಣಸತ್ಯವಲ್ಲ. ವಿದ್ಯಾನಗರಕ್ಕೆ ಹೊಂದಿಕೊಂಡ ಉಣಕಲ್ಲಿನಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲುಳ್ಳ, ಚತುರ್ಮುಖ ಲಿಂಗವನ್ನು ಒಳಗೊಂಡ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವಿದೆ. ಉಣಕಲ್ ಕೆರೆಯ ದಂಡೆಯ ಮೇಲೆ ಸಂಜೆ ತಿರುಗಾಡಿ ಬರುವ ನಮ್ಮಲ್ಲಿ ಅನೇಕರು ಅದರ ಹೊಸ್ತಿಲು ತುಳಿದವರಲ್ಲ. ಸ್ಥಳಗಳು ಉಳಿದುಹೋಗುವುದು ಹೆಚ್ಚಾಗಿ ಆಯ್ಕೆಯ ಅಭಾವದಿಂದ. ಇತರರು ಹೋದಲ್ಲಿಗೆ ಹೋಗಿ, ಅವರು ಬಿಟ್ಟುದನ್ನು ಬಿಡುವ ಅಭ್ಯಾಸದಿಂದ.

ಬಿಡುವುದು ಅನಿವಾರ್ಯವಾದ ಮೇಲೆ ವಿಚಾರಮಾಡಿಯೇ ಬಿಡುವುದು ಮೇಲು. ಮೊದಲ ಸಲ ಒಂದು ಚಿಕ್ಕ ನಾಡಿಗೆ ಹೊರಡುವವರು ಅದರ ಚರಿತ್ರೆಯನ್ನು ನಾಲ್ಕು ಪುಟವಾದರೂ ಓದಿಕೊಳ್ಳಲಿ, ಒಂದು ಹಗಲನ್ನು ಒಂದೇ ಸ್ಥಳಕ್ಕೆ ಮೀಸಲಿಡಲಿ, ಉಳಿದುದನ್ನು ಮಕ್ಕಳಿಗೆ ಹೆಸರು ಹಿಡಿದು ಹೇಳಲಿ. ನಾವು ಕಾಣದುದನ್ನು ಅವರಾದರೂ ಹೋಗಿ ಕಾಣುವರು.