ಟ್ರೋಲಿಗರ ಮೇಲೆ ಸೇಡು: ತೆರೆಯ ಮೇಲೆ ಹಾಸ್ಯ, ಊರಿನಲ್ಲಿ ಕೊಲೆ ಮೊಕದ್ದಮೆ

ಅಂತರ್ಜಾಲದಲ್ಲಿ ಬಾಯಿಗೆ ಬಂದಂತೆ ನಿಂದಿಸುವವನ ಮನೆ ಹುಡುಕಿಕೊಂಡು ಹೋಗಿ ಬುದ್ಧಿ ಕಲಿಸುವ ಕಥೆಗೆ ಸಿನಿಮಾದವರು ‘ಡಾರ್ಕ್ ಕಾಮಿಡಿ’ ಎಂದು ಹೆಸರಿಡುತ್ತಾರೆ. ಹಲಸೂರಿನ ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನ್ ಮೆಲ್ಲುತ್ತಾ ಇಂಥದ್ದನ್ನು ನೋಡಿದರೆ ಯಾರಾದರೂ ಚಪ್ಪಾಳೆ ತಟ್ಟಿಯಾರು. ಮುಖ ಮರೆಸಿಕೊಂಡು ಬೈಯುವವನಿಗೆ ನಾಲ್ಕೇಟು ಬೀಳಲಿ ಎಂಬ ಆಸೆ ಯಾರಿಗಿಲ್ಲ? ಆದರೆ ಕರ್ನಾಟಕ ಈ ಕಥೆಯನ್ನು ತೆರೆಯಿಂದಾಚೆಗೇ ಕಂಡಿದೆ.

ನಟಿ ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶ ಕಳುಹಿಸಿದನೆಂಬ ಕಾರಣಕ್ಕೆ ಚಿತ್ರದುರ್ಗದ ಯುವಕನೊಬ್ಬನನ್ನು 2024ರ ಜೂನ್‌ನಲ್ಲಿ ಬೆಂಗಳೂರಿಗೆ ಕರೆತಂದು, ಶೆಡ್ಡೊಂದರಲ್ಲಿ ಹೊಡೆದು ಕೊಲ್ಲಲಾಯಿತು ಎಂಬುದು ಪೊಲೀಸರ ದೋಷಾರೋಪ ಪಟ್ಟಿಯ ಸಾರ. ನಟ ದರ್ಶನ್ ಸೇರಿದಂತೆ 17 ಮಂದಿ ಆರೋಪಿಗಳು. ಹೈಕೋರ್ಟ್ ನೀಡಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಪಡಿಸಿತು. ನವೆಂಬರ್‌ನಲ್ಲಿ ಆರೋಪ ನಿಗದಿಯಾದಾಗ ಆರೋಪಿಗಳು ಅದನ್ನು ನಿರಾಕರಿಸಿದರು. ಸತ್ಯಾಸತ್ಯತೆ ನ್ಯಾಯಾಲಯಕ್ಕೆ ಬಿಟ್ಟ ವಿಚಾರ.

ಕಥೆಯ ನಿಜವಾದ ಕಪ್ಪು ಹಾಸ್ಯ ಇರುವುದು ಇದರ ಮುಂದಿನ ಅಂಕದಲ್ಲಿ. 2025ರ ಜುಲೈನಲ್ಲಿ, ಮೃತನ ಕುಟುಂಬಕ್ಕೆ ನ್ಯಾಯ ಸಿಗಲಿ ಎಂಬರ್ಥದಲ್ಲಿ ಮಂಡ್ಯದ ಮಾಜಿ ಸಂಸದೆ, ನಟಿ ರಮ್ಯಾ ಬರೆದರು. ತಕ್ಷಣ ಅವರ ಮೇಲೆ ಅಶ್ಲೀಲ ಸಂದೇಶಗಳ ಮಳೆ! ಕಳುಹಿಸಿದವರು ದರ್ಶನ್ ಅಭಿಮಾನಿಗಳು ಎಂಬುದು ರಮ್ಯಾ ಅವರ ದೂರು. ಹೆಣ್ಣೊಬ್ಬಳಿಗೆ ಕೆಟ್ಟ ಸಂದೇಶ ಬಂತೆಂದು ಒಂದು ಜೀವವೇ ಹೋಯಿತು ಎನ್ನಲಾದ ಪ್ರಕರಣದಲ್ಲಿ, ಆರೋಪಿ ನಟನ ಪರವಾಗಿ ಇನ್ನೊಬ್ಬ ಹೆಣ್ಣಿಗೆ ಅಂಥವೇ ಸಂದೇಶಗಳು. ಯಾವ ಚಿತ್ರಕಥೆಗಾರನಿಗೆ ಇದು ಹೊಳೆದೀತು? ಹೆಣ್ಣಿನ ಮಾನಕ್ಕಾಗಿ ಎಂದು ಹೇಳಿಕೊಳ್ಳುವ ಸೇಡಿಗೆ ಆ ಮಾನದ ಬಗ್ಗೆ ಎಷ್ಟು ಕಾಳಜಿ ಇತ್ತೆಂಬುದು ಇಲ್ಲಿಯೇ ಬಯಲಾಗುತ್ತದೆ.

ರಮ್ಯಾ ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಜುಲೈ 28ರಂದು ದಂಡು ಪ್ರದೇಶದ ಇನ್‌ಫೆಂಟ್ರಿ ರಸ್ತೆಯಲ್ಲಿರುವ ನಗರ ಪೊಲೀಸ್ ಆಯುಕ್ತರ ಕಚೇರಿಗೆ ತೆರಳಿ, 43 ಖಾತೆಗಳ ವಿರುದ್ಧ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನಗಳು ನಡೆದವು. ಅಲ್ಲಿಗೆ, ಕಾನೂನಿಗೆ ಕೈಯಿಲ್ಲ ಎಂಬ ಮಾತು ಸುಳ್ಳಾಯಿತು.

ಸೇಡಿನ ಇನ್ನೊಂದು ದೋಷವೆಂದರೆ ಅದಕ್ಕೆ ವಿಳಾಸ ಗೊತ್ತಿರುವುದಿಲ್ಲ. ಶಿವಾಜಿನಗರದಿಂದ ಹೆಚ್ಚು ದೂರವಿಲ್ಲದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಿಗೆ ಇದು 2020ರ ಆಗಸ್ಟ್ 11ರ ರಾತ್ರಿ ತಿಳಿಯಿತು. ಫೇಸ್‌ಬುಕ್‌ನಲ್ಲಿ ನಿಂದನಾತ್ಮಕ ಬರಹ ಹಾಕಿದ ಆರೋಪ ಇದ್ದದ್ದು ಪುಲಕೇಶಿನಗರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಸೋದರಳಿಯನ ಮೇಲೆ. ಸುಟ್ಟುಹೋದದ್ದು ಕಾವಲ್ ಬೈರಸಂದ್ರದಲ್ಲಿದ್ದ ಶಾಸಕರ ಮನೆ, ಪೊಲೀಸ್ ಠಾಣೆ, ಯಾರದ್ದೋ ವಾಹನಗಳು. ಗೋಲಿಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ ಕೆಲವು ಮುಸ್ಲಿಂ ಯುವಕರು ದೇವಸ್ಥಾನವೊಂದರ ಸುತ್ತ ಮಾನವ ಸರಪಳಿ ಕಟ್ಟಿ ನಿಂತದ್ದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಜನರ ಕೈ ಸೇಡಿನತ್ತ ಏಕೆ ಚಾಚುತ್ತದೆ? ದೂರಿನ ದಾರಿ ಬಹಳ ನಿಧಾನ ಎಂಬುದೂ ಒಂದು ಕಾರಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಗೊಳಿಸಿತು. ಅದು ಸರಿಯಾದದ್ದೇ, ಸರ್ಕಾರವನ್ನು ಟೀಕಿಸಿದವರ ಮೇಲೂ ಆ ಕಲಮು ಬೀಳುತ್ತಿತ್ತು. ಆದರೆ ಅಶ್ಲೀಲತೆಗೆ 67ನೇ ಕಲಮು ಇಂದಿಗೂ ಇದೆ: ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ತೊಡಕಿರುವುದು ತನಿಖೆಯಲ್ಲಿ. ಈ ಕಾಯ್ದೆಯಡಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ನಡೆಸುವಂತಿಲ್ಲ. ಖಾತೆಯ ಹಿಂದಿರುವ ಮುಖ ತಿಳಿಯಲು ವಿದೇಶಿ ಕಂಪನಿಗೆ ಪತ್ರ ಬರೆದು ಕಾಯಬೇಕು. 1930 ಸಹಾಯವಾಣಿಯೋ, ಅದು ಮುಖ್ಯವಾಗಿ ಹಣ ಕಳೆದುಕೊಂಡವರಿಗಾಗಿ ಇರುವಂಥದ್ದು.

ರಮ್ಯಾ ಮಾಜಿ ಸಂಸದೆ. ಅವರು ಆಯುಕ್ತರ ಕೊಠಡಿಗೇ ಹೋಗಬಲ್ಲರು. ಕೆ.ಆರ್. ಪುರದ ಬಾಡಿಗೆ ಕೊಠಡಿಯಿಂದ ಕಚೇರಿಗೆ ಬಸ್ಸು ಹಿಡಿಯುವ ಹುಡುಗಿ ತನ್ನ ಮೊಬೈಲಿಗೆ ಬಂದ ಅಂಥದ್ದೇ ಸಂದೇಶಗಳನ್ನು ಹಿಡಿದು ಬಡಾವಣೆಯ ಠಾಣೆಗೆ ಹೋದರೆ, ಆ 43 ಖಾತೆಗಳಿಗೆ ಸಿಕ್ಕ ವೇಗದಲ್ಲಿ ಒಂದಾದರೂ ಅಂಶ ಅವಳ ದೂರಿಗೆ ಸಿಗುತ್ತದೆಯೇ? ಗೃಹ ಇಲಾಖೆ ಇದಕ್ಕೆ ಉತ್ತರ ಹೇಳಬೇಕು.