ಸಮುದ್ರದ ನೆಂಟಸ್ತನ

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕಳೆದ ಬೇಸಿಗೆಯ ಸೂಟಿಯಲ್ಲಿ ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ಹಳ್ಳಿಗೆ, ಸಹಪಾಠಿಯೊಬ್ಬನ ಮನೆಗೆ ಹೋದಾಗ ಆ ಗಾದೆ ತಲೆಕೆಳಗಾದುದನ್ನು ಕಂಡೆ. ಅಲ್ಲಿ ಬಡತನವಿರುವದು ಸಿಹಿನೀರಿಗೆ. ಬಾವಿಯ ತುಂಬ ನೀರಿತ್ತು. ಬಯಲುಸೀಮೆಯವನಾದ ನಾನು ಹಿಗ್ಗಿ ಕೊಡ ಇಳಿಸಿದೆ. ಗೆಳೆಯನ ತಾಯಿ ಒಳಗಿನಿಂದ ಕೂಗಿದರು: “ಅದು ಮೀಯಲಿಕ್ಕೆ, ತಮಾ, ಕುಡಿಯುವ ನೀರು ಒಳಗಿದೆ.” ಬೊಗಸೆಯಲ್ಲಿ ಹಿಡಿದು ನೋಡಿದೆ, ಸವಳು!

ನಮ್ಮ ಧಾರವಾಡಕ್ಕಿಂತ ಮೂರು-ನಾಲ್ಕು ಪಟ್ಟು ಮಳೆ ಬೀಳುವ ನಾಡಿನಲ್ಲಿ ಹೀಗೇಕೆ? ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನಾಲ್ವತ್ತನೆಯ ಒಂದು ಪಾಲಿನಷ್ಟು ಭಾರ. ಆದಕಾರಣ ದಂಡೆಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 19ನೆಯ ಶತಮಾನದ ಕೊನೆಗೆ ಹಾಲೆಂಡಿನ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್ ಇದರ ಲೆಕ್ಕವನ್ನು ತೋರಿಸಿಕೊಟ್ಟರು: ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುವದು. ಮೇಲೆ 1 ಅಡಿ ಇಳಿಸಿದೆವೆಂದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪು 40 ಅಡಿ ಏರೀತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಉಬ್ಬರದ ನೀರು ನದಿಯೊಳಗೆ ಹೊಕ್ಕು ಪಕ್ಕದ ನೆಲಕ್ಕೂ ಇಂಗುತ್ತದೆ.

ಇಲ್ಲಿಯೇ ಮೋಸವಿದೆ. ನಮ್ಮ ಕಡೆಯ ಬಾವಿ ಬತ್ತಿ ಎಚ್ಚರಿಕೆ ಕೊಡುತ್ತದೆ. ದಂಡೆಯ ಬಾವಿ ಬತ್ತುವದಿಲ್ಲ, ಕೆಡುತ್ತದೆ. ನಾವು ಎತ್ತಿದ ಸಿಹಿನೀರಿನ ಜಾಗವನ್ನು ಸಮುದ್ರ ತುಂಬಿಕೊಡುತ್ತದೆ. ಕೊಡವೇನೋ ತುಂಬಿಯೇ ಬರುವದು! ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಸಮುದ್ರದಲ್ಲಿ ಅದು ಸುಮಾರು 19,000. ನೂರು ಕೊಡ ಸಿಹಿನೀರಿಗೆ ಎರಡು ಕೊಡ ಸಮುದ್ರ ಬೆರೆತರೆ ಆ ಮಿತಿ ದಾಟಿತು.

ಆ ಜನ ಉಪ್ಪಿನೊಡನೆ ಬಾಳಲರಿಯದವರಲ್ಲ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತವನ್ನು ಬೆಳೆದವರು. ಕಟ್ಟೆ ಹಾಕಿ ಉಬ್ಬರವನ್ನು ತಡೆದವರು. ಆದರೆ ಭತ್ತ ತಾಳಿದ್ದನ್ನು ಮನುಷ್ಯನ ಗಂಟಲು ತಾಳೀತೇ?

ನಳ ಬಂದರೆ ಎಲ್ಲ ಸರಿಹೋದೀತೆಂದು ಕೆಲವರು ವಾದಿಸುತ್ತಾರೆ. ನಳ ಬೇಕು, ನಿಜ. ಆದರೆ ನಳ ಬಂದ ಮನೆ ಬಾವಿಯ ಚಿಂತೆ ಬಿಡುತ್ತದೆ. ಪಂಪು ಮಾತ್ರ ನಿಲ್ಲುವದಿಲ್ಲ. ‘ನನ್ನ ಹೊಲ, ನನ್ನ ನೀರು’ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ನೆಲದೊಳಗೆ ಬೇಲಿ ಹಾಕಿದವರಾರು? ಹಗಲಿಡೀ ಪಂಪು ಓಡಿಸುವವನ ಪಾಪ, ಹಗ್ಗದಿಂದ ಹತ್ತು ಕೊಡ ಸೇದುವ ಬಡವಳ ಬಾವಿಗೂ ತಟ್ಟುತ್ತದೆ. ಅವಳಿಗೆ ಬೇರೆ ಬಾವಿ ತೋಡಿಸುವ ಶಕ್ತಿ ಇಲ್ಲ.

2011ರ ಕರ್ನಾಟಕ ಅಂತರ್ಜಲ ಕಾನೂನು ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡಲು ಅನುಮತಿ ಬೇಕೆನ್ನುತ್ತದೆ. ದಂಡೆಯಲ್ಲಿ ಅಷ್ಟು ಸಾಲದು. ಜನವರಿಯಿಂದ ಮೇವರೆಗೆ ಪಂಚಾಯತಿಯು ತಿಂಗಳಿಗೊಮ್ಮೆ ಪ್ರತಿ ಬಾವಿಯ ಉಪ್ಪನ್ನು ಅಳೆದು, ಫಲಕದಲ್ಲಿ ಬರೆಯಬೇಕು. ಉಪ್ಪು ಏರತೊಡಗಿದಾಗ ಮೊದಲು ಪಂಪು ನಿಲ್ಲಲಿ, ಹಗ್ಗ ಕೊನೆಗೆ. ಮಳೆ ಮುಗಿಯುತ್ತಲೇ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸಲಿ. ಹೊತ್ತು ಮೀರಿ ಇಳಿಸಿದ ಹಲಗೆ ಸಮುದ್ರಕ್ಕೆ ಹರಿದುಹೋದ ನೀರನ್ನು ತಿರುಗಿ ತರಲಾರದು.

ಮಲಪ್ರಭೆಯ ನೀರು ಕುಡಿಯುವ ಹುಬ್ಬಳ್ಳಿ-ಧಾರವಾಡದವರಿಗೆ ಇದರ ಗೊಡವೆಯೇಕೆಂದು ಗೆಳೆಯರು ಕೇಳಬಹುದು. ನಾವೂ ಕೊಳವೆಬಾವಿ ಕೊರೆಯುವವರೇ. ನೆಲದ ಸಾಲ ನಮಗೂ ಇದೆ. ಆ ಸಾಲಕ್ಕೆ ಬಡ್ಡಿ ನಮ್ಮಲ್ಲಿ ಬರಿಗೊಡ, ಅವರಲ್ಲಿ ಉಪ್ಪುಗೊಡ. ಬರಿಗೊಡ ಮುಂದಿನ ಮಳೆಗೆ ತುಂಬಿದರೂ ತುಂಬೀತು; ಒಮ್ಮೆ ಉಪ್ಪಾದ ನೆಲ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು.