ಟೇಬಲ್ ಖಾಲಿ ಇಲ್ಲ

ಬಣಕಲ್ ಪೇಟೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಬೋರ್ಡುಗಳು. ಹೋಂಸ್ಟೇ, ರೆಸಾರ್ಟು, ಕ್ಯಾಂಪ್‌ಫೈರು, ಡಿಜೆ. ಪ್ರತಿ ಬೋರ್ಡಿನಲ್ಲೂ ಒಂದು ಬಾಣ ಕಾಫಿ ತೋಟದ ಒಳಕ್ಕೆ ದಾರಿ ತೋರಿಸುತ್ತದೆ. ನಮ್ಮ ಅವ್ವಂದಿರಿಗೆ ಆ ತೋಟದೊಳಗೆ ಹೋಗಲು ಯಾವ ಬಾಣವೂ ಬೇಕಿರಲಿಲ್ಲ. ಮಂಜು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಹೋದವರು, ಜಿಗಣೆ ಕಚ್ಚಿಸಿಕೊಂಡು, ಹಣ್ಣು ಕುಯ್ದು, ಚೀಲ ಹೊತ್ತು, ಕತ್ತಲಾದ ಮೇಲೆ ಬಂದವರು. ಒಳಗೆ ಹೋಗೋದಕ್ಕೆ ಅವರಿಗೆ ಯಾರೂ ಅಡ್ಡಿ ಮಾಡಲಿಲ್ಲ. ಅಡ್ಡಿ ಇರೋದು ಒಳಗೆ ಹೋಗಿ ಕೂತುಕೊಳ್ಳೋದಕ್ಕೆ.

ಇದನ್ನು ನಾವು ಪುಸ್ತಕ ಓದಿ ತಿಳಿದದ್ದಲ್ಲ. ಗೇಟಿನ ಹೊರಗೆ ನಿಂತು ತಿಳಿದದ್ದು.

ಕಳೆದ ಚಳಿಗಾಲದ ಒಂದು ಶನಿವಾರ. ನಮ್ಮ ಗೆಳೆಯನೊಬ್ಬನಿಗೆ ಮೇಷ್ಟ್ರ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಿತ್ತು. ನಾವು ಮೂವರು ಸ್ನೇಹಿತರು, ಅವನು, ಅವನ ಅವ್ವ. ನಮ್ಮ ನಾಲ್ವರ ಮನೆಗಳಲ್ಲೂ ಡಿಗ್ರಿ ಕಂಡ ಮೊದಲ ತಲೆಗಳು ನಾವು. ಅವನಿಗೆ ಒಂದೇ ಹಟ. "ನಮ್ಮವ್ವ ಆ ತೋಟದಲ್ಲಿ ಇಪ್ಪತ್ತು ವರ್ಷ ಹಣ್ಣು ಕುಯ್ದಿದಾಳೆ. ಈಗ ಅಲ್ಲಿ ರೆಸಾರ್ಟು ಆಗಿದೆ. ಒಂದು ಸಲ ಅವಳನ್ನ ಅಲ್ಲೇ ಕುರ್ಚಿ ಮೇಲೆ ಕೂರಿಸಿ ಊಟ ಹಾಕಿಸ್ಬೇಕು." ಅವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ತೆಗೆದು ಉಟ್ಟಳು. ಗೇಟಿನ ಹತ್ತಿರ ಬಂದಾಗ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡಳು. ಮಗ "ಹಾಕ್ಕೋ ಅವ್ವ" ಅಂದ. ಹಾಕಿಕೊಂಡಳು.

"ಎಲ್ಲಿಯವರು?" ಅಂತ ಕೇಳಿದರು.

"ಬಣಕಲ್."

"ಬಣಕಲಲ್ಲಿ ಎಲ್ಲಿ?"

ಓದುಗರೇ, ಈ ಎರಡನೇ ಪ್ರಶ್ನೆಯ ಅರ್ಥ ನಿಮಗೆ ಗೊತ್ತು. ಮೊದಲನೆಯದು ವಿಳಾಸ ಕೇಳುತ್ತದೆ, ಎರಡನೆಯದು ಜಾತಿ ಕೇಳುತ್ತದೆ. "ಕಾಲೋನಿ" ಅಂದೆವು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇವತ್ತು ಫುಲ್ಲು. ಟೇಬಲ್ ಖಾಲಿ ಇಲ್ಲ" ಅಂದರು. ಅವರ ಬೆನ್ನ ಹಿಂದೆ, ದೀಪದ ಮಾಲೆಗಳ ಕೆಳಗೆ, ಖಾಲಿ ಟೇಬಲ್ಲುಗಳು ನಮಗೆ ಕಾಣುತ್ತಿದ್ದವು. ನಾವು ನಿಂತಿದ್ದ ಹಾಗೇ ಬೆಂಗಳೂರಿನ ಕಾರೊಂದು ಬಂತು. ಇಳಿದವರು "ಬುಕಿಂಗ್ ಮಾಡಿಲ್ಲ, ಜಾಗ ಇದೆಯಾ?" ಅಂದರು. ಗೇಟು ತೆರೆಯಿತು, ಸೆಲ್ಯೂಟೂ ಬಿತ್ತು.

ಕೇಳಿದೆವು. ಮೇನೇಜರು ಬಂದರು. ಗಟ್ಟಿಯಾಗಿ ಮಾತಾಡಲಿಲ್ಲ, ಬೈಯಲಿಲ್ಲ. "ಲೋಕಲ್ಸ್‌ಗೆ ಕೊಡಲ್ಲ ಕಣ್ರೀ, ಇದು ಫ್ಯಾಮಿಲಿ ಗೆಸ್ಟ್‌ಗಳಿಗೆ" ಅಂದರು. ಅವ್ವನನ್ನು ತೋರಿಸಿದೆವು. ಅವಳಿಗಿಂತ ದೊಡ್ಡ ಫ್ಯಾಮಿಲಿ ಎಂತದು? ಅದಕ್ಕವರು "ಹಿಂದ್ಗಡೆ ಬನ್ನಿ, ಪಾರ್ಸಲ್ ಕೊಡಿಸ್ತೀನಿ" ಅಂದರು.

ಹಿಂದ್ಗಡೆ! ನಮ್ಮ ಅಜ್ಜಂದಿರಿಗೂ ಇದೇ ಮಾತು ಹೇಳಿದ್ದರು.

ಹಿತ್ತಲ ಬಾಗಿಲಿಗೆ ಕಾಫಿ ತಂದವನು ನಮ್ಮ ಕೇರಿಯ ಹುಡುಗನೇ. ಎಂಜಲು ಲೋಟ ತೊಳೆದು ಕೈಬೆರಳು ಬೆಳ್ಳಗಾಗಿದ್ದವು. "ದೊಡ್ಡವ್ವ, ನಂಗೆ ಬೈಬೇಡ" ಅಂದ. ಅವಳು ಯಾಕೆ ಬೈಯುತ್ತಾಳೆ? ಕಾಗದದ ಲೋಟ ತಿರುಗಿಸಿ ನೋಡಿ, "ಆಗ ಚಿಪ್ಪಲ್ಲಿ ಹುಯ್ಯೋರು, ಈಗ ಕಾಗದದ್ದು. ಕುಡಿದು ತೊಳೆದಿಡೋ ಕೆಲಸ ತಪ್ತು" ಅಂದಳು. ನಾವು ಯಾರೂ ನಗಲಿಲ್ಲ.

ನಾವು ದೂರು ಕೊಡಲು ಹೊರಟೆವು. ಆ ಹುಡುಗ ತಡೆದ. "ಸಾಕ್ಷಿ ನಾನೇ ಆಗ್ಬೇಕು. ನಾಳೆ ಕೆಲಸ ಹೋದ್ರೆ ಮನೇಲಿ ಎಂತ ಮಾಡದು?" ನಾವು ವಾಪಸು ಬಂದೆವು. ಒಪ್ಪುತ್ತೇವೆ, ಅವತ್ತು ನಾವು ಸೋತೆವು. ಈ ಬರಹ ಆ ಸೋಲಿನ ಲೆಕ್ಕ.

ಈಗ ಬುದ್ಧಿವಂತರು ಮೂರು ಮಾತು ಹೇಳುತ್ತಾರೆ. ಒಂದೊಂದಕ್ಕೂ ಉತ್ತರ ಕೊಡುತ್ತೇವೆ.

ಮೊದಲ ಮಾತು: "ಇದು ಜಾತಿ ಅಲ್ಲ, ಲೋಕಲ್ ಹುಡುಗರು ಗಲಾಟೆ ಮಾಡ್ತಾರೆ ಅಂತ." ಪಕ್ಕದ ಊರಿನ ಸಾವ್ಕಾರರ ಮಗ ಒಳಗೆ ಕೂತಿದ್ದನಲ್ಲ, ಅವನು ಯಾವ ದೇಶದವನು? ಅವನ ಗಲಾಟೆಗೆ ಮಜಾ ಎಂದು ಹೆಸರು. ನಮ್ಮ ಮೌನಕ್ಕೂ ಗಲಾಟೆ ಎಂದೇ ಹೆಸರು. ಬಟ್ಟೆಯ ಮಾತೂ ಇಂಥದ್ದೇ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ಮುದುಕ ರೈತರನ್ನು, ಕೈಯಲ್ಲಿ ಸಿನಿಮಾ ಟಿಕೆಟ್ ಇದ್ದರೂ, ಒಳಗೆ ಬಿಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ರೈತನೊಬ್ಬನನ್ನು ಬಟ್ಟೆ ಕೊಳಕು ಎಂದು ತಡೆದರು. ನಾಡು ಸಿಟ್ಟಾಯಿತು. ಮಾಲ್ ಏಳು ದಿನ ಮುಚ್ಚಿತು, ಮೆಟ್ರೋದ ಸಿಬ್ಬಂದಿಯೊಬ್ಬ ಕೆಲಸ ಕಳಕೊಂಡ. ಸಿಟ್ಟಾದದ್ದು ಒಳ್ಳೆಯದೇ. ಆದರೆ ಪಂಚೆಯನ್ನು ಬದಲಾಯಿಸಬಹುದು ಗೆಳೆಯರೇ. "ಬಣಕಲಲ್ಲಿ ಎಲ್ಲಿ?" ಅನ್ನೋ ಪ್ರಶ್ನೆಗೆ ನಾವು ಯಾವ ಬಟ್ಟೆ ಬದಲಾಯಿಸೋಣ?

ಸೂಟು ಹಾಕಿದ್ದರೂ ಅಷ್ಟೇ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾದ ನೌಕರಿಗೆ ಹೋದಾಗ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಕೆಲವು ದಿನ ಇದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ರೂಮಿನ ಬಾಡಿಗೆ ಕೊಡುತ್ತಿದ್ದ ಗಿರಾಕಿ ಅವರು. ದುಡ್ಡು ಕೊಟ್ಟವನೇ ದೊರೆ ಎನ್ನುವ ಮಾತು ಅವತ್ತು ಎಲ್ಲಿಗೆ ಹೋಗಿತ್ತು? ಕಾಮಾಠಿ ಬಾಗಿನ ಮರದ ಕೆಳಗೆ ಕೂತು ಅವರು ಅತ್ತರು. ಆ ಕಣ್ಣೀರು ಮುಂದೆ ಸಂವಿಧಾನದ ಶಾಯಿಯಾಯಿತು.

ಎರಡನೇ ಮಾತು: "ಅದು ಖಾಸಗಿ ಜಾಗ, ಮಾಲೀಕನ ಇಷ್ಟ." ತಪ್ಪು. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ಓದಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ, ಈ ಯಾವುದಕ್ಕೂ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ ಎಂದು ಅದು ಹೇಳುತ್ತದೆ. ಅಲ್ಲಿ ನಮ್ಮ ಗುಡಿಸಲಿನ ಮಾತು ಮಾತ್ರ ಇಲ್ಲ, ಮನರಂಜನೆಯ ಮಾತೂ ಇದೆ. ನಮಗೂ ನಗು ಬೇಕು, ಕುಣಿತ ಬೇಕು, ಸಂಜೆ ಬೇಕು ಎಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ಅಳಿಸಿತು. 1955ರ ಕಾಯ್ದೆ, 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾದದ್ದು, ಹೋಟೆಲಿಗೆ ಬಿಡದಿರುವುದನ್ನೂ, ಅಲ್ಲಿನ ಪಾತ್ರೆ ಲೋಟ ಮುಟ್ಟಗೊಡದಿರುವುದನ್ನೂ ಅಪರಾಧ ಎನ್ನುತ್ತದೆ. ಅದರ 12ನೇ ಕಲಮು ನೋಡಿ: ಇಂಥ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದರೆ, ಬೇರೆ ಎಂದು ರುಜುವಾಗುವ ತನಕ, ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದೆಂದು ನ್ಯಾಯಾಲಯ ಭಾವಿಸಬೇಕು. "ನಾವು ಜಾತಿ ನೋಡಲಿಲ್ಲ" ಎಂದು ಸಾಬೀತು ಮಾಡುವ ಹೊರೆ ಅವರ ಹೆಗಲಿನದು, ನಮ್ಮದಲ್ಲ.

ಕಾನೂನಿನ ಇನ್ನೊಂದು ಮುಖವನ್ನೂ ಹೇಳಿಬಿಡೋಣ. ಅದರ ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, ದಂಡ 100 ರೂಪಾಯಿಯಿಂದ 500 ರೂಪಾಯಿ. ಆ ಟೇಬಲ್ಲಿನ ಮೇಲಿನ ಒಂದು ಬಣ್ಣದ ಗ್ಲಾಸಿಗೂ ಆ ದಂಡ ಸಾಲದು. ನಮ್ಮ ಮಾನದ ರೇಟು ಅಷ್ಟಕ್ಕೇ ನಿಂತಿದೆ.

ದೂರು ಕೊಡಲು ಠಾಣೆಗೆ ಹೋಗಿ ಅನ್ನುತ್ತೀರಿ. ನಮ್ಮದೇ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ, ನೀರು ಕೇಳಿದ್ದಕ್ಕೆ ಮೂತ್ರ ಕುಡಿಸಿದರು ಎಂದು ದಲಿತ ಯುವಕನೊಬ್ಬ ದೂರಿದ. ತನಿಖೆ ಸಿಐಡಿಗೆ ಹೋಯಿತು, ಸಬ್‌ಇನ್‌ಸ್ಪೆಕ್ಟರ್ ಅಮಾನತಾಗಿ ಆಮೇಲೆ ಬಂಧನವೂ ಆಯಿತು. ಆ ಸುದ್ದಿ ಕೇಳಿದ ಅವ್ವಂದಿರು ಮಕ್ಕಳ ಕೈ ಹಿಡಿದು "ಠಾಣೆಗೆ ಬೇಡ" ಅಂದರೆ ಅವರನ್ನು ಹೇಡಿಗಳು ಎನ್ನಬೇಡಿ. ಮೂಡಿಗೆರೆ ಮೀಸಲು ಕ್ಷೇತ್ರ. ವಿಧಾನಸೌಧದಲ್ಲಿ ನಮಗೊಂದು ಕುರ್ಚಿ ಉಂಟು. ತೋಟದೊಳಗಿನ ಊಟದ ಟೇಬಲ್ಲಿಗೆ ಮಾತ್ರ ಇಲ್ಲ.

ಮೂರನೇ ಮಾತು ನಮ್ಮವರದೇ. ಚಳವಳಿಯ ಹಿರಿಯರೊಬ್ಬರು ಕೇಳಿದರು, "ನಾವು ಭೂಮಿ ಕೇಳ್ತಿದೀವಿ, ಲೈನ್ ಮನೆಯಲ್ಲಿರೋರಿಗೆ ಸೈಟು ಕೇಳ್ತಿದೀವಿ. ನೀವು ಕುಡಿದು ಕುಣಿಯೋ ಜಾಗಕ್ಕೆ ಟಿಕೆಟ್ ಕೇಳ್ತೀರೇನೋ?" ಅಣ್ಣಾ, ನಿಮ್ಮ ಸಿಟ್ಟಿಗೆ ತಲೆಬಾಗುತ್ತೇವೆ, ಮಾತಿಗೆ ಒಪ್ಪೋದಿಲ್ಲ. 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರು ಕುಡಿದಾಗಲೂ ಅದು ಬರೀ ಬಾಯಾರಿಕೆಯ ಪ್ರಶ್ನೆ ಆಗಿರಲಿಲ್ಲ. ಮನುಷ್ಯರ ಸಾಲಿನಲ್ಲಿ ನಮ್ಮ ಜಾಗ ಎಲ್ಲಿ ಅನ್ನೋ ಪ್ರಶ್ನೆಯಾಗಿತ್ತು. ಭೂಮಿ ಕೇಳುವ ಬಾಯಿಗೂ ಕುರ್ಚಿ ಕೇಳುವ ಬಾಯಿಗೂ ನಾಲಿಗೆ ಒಂದೇ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಬಿಡುವುದಿಲ್ಲ. ನಾವು ನಾಲ್ವರು ಒಳಗೆ ಹೋಗಿ ಕೂತು, ನಮ್ಮ ಕೇರಿಯ ಹುಡುಗ ನಮ್ಮ ಎಂಜಲು ಲೋಟ ಎತ್ತಿದರೆ ಅದಕ್ಕೆ ಸಮಾನತೆ ಎಂದು ಹೆಸರಿಡಬಹುದೇ?

ಇಲ್ಲಿ "ಸರ್ವಿಸ್" ಎನ್ನುವ ಮಾತನ್ನು ಬಿಡಿಸಿ ನೋಡಬೇಕು. ಕನ್ನಡದಲ್ಲಿ ಸೇವೆ ಅಂತಾರೆ. ಈ ಮಾತು ನಮ್ಮ ಬೆನ್ನ ಮೇಲೆ ಎಷ್ಟು ತಲೆಮಾರಿನಿಂದ ಕೂತಿದೆ! ಬೆಂಗಳೂರಿಂದ ಬಂದ ಗಿರಾಕಿ ಬಿರಿಯಾನಿ ತಣ್ಣಗಾಯಿತು, ಹುಡುಗ ನಗಲಿಲ್ಲ ಎಂದು ಮೊಬೈಲಿನಲ್ಲಿ ಐದರಲ್ಲಿ ಒಂದು ನಕ್ಷತ್ರ ಕೊಟ್ಟು "ಸರ್ವಿಸ್ ಸರಿ ಇಲ್ಲ" ಅಂತ ಬರೀತಾನೆ. ಆ ಹುಡುಗ ನಮಗೆ ಹೇಳಿದ: ಅಂಥದ್ದೊಂದು ಬಂದ ವಾರ ಸಂಬಳದಲ್ಲಿ ಕಡಿತ. ಹದಿನಾಲ್ಕು ಗಂಟೆ ನಿಂತ ಕಾಲಿಗೆ ಯಾರು ನಕ್ಷತ್ರ ಕೊಡ್ತಾರೆ? ಗೇಟಿನಿಂದ ವಾಪಸು ಬಂದ ಅವ್ವ ಯಾವ ಮೊಬೈಲಿನಲ್ಲಿ ಬರೀಬೇಕು? ಗಿರಾಕಿಯ ಬೇಸರ ದಾಖಲಾಗುತ್ತದೆ. ಗಿರಾಕಿಯೇ ಆಗಲು ಬಿಡದವರ ಬೇಸರಕ್ಕೆ ಕಾಲಮ್ಮೇ ಇಲ್ಲ.

ಚಾರ್ಮಾಡಿ ಇಳಿದು ಹೋದರೆ ಕಡಲು. ಕಡಲ ದಂಡೆಯ ಮೋಜಿನ ಊರುಗಳ ಕಥೆಯೂ ಬೇರೆಯಲ್ಲ. 2025ರ ಡಿಸೆಂಬರ್ ಮೊದಲ ವಾರ ಗೋವಾದ ಅರ್ಪೋರಾದಲ್ಲಿ ನಡುರಾತ್ರಿ ನೈಟ್‌ಕ್ಲಬ್ಬೊಂದಕ್ಕೆ ಬೆಂಕಿ ಬಿತ್ತು. 25 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕುಣಿಯಲು ಬಂದವರಲ್ಲ, ಬೇಯಿಸಲು, ಬಡಿಸಲು, ತೊಳೆಯಲು ದೂರದೂರಿಂದ ಬಂದವರು. ಮೇಲೆ ಸಂಗೀತ, ಕೆಳಗೆ ನೆಲಮಾಳಿಗೆಯ ಅಡಿಗೆಮನೆ. ಬೆಂಕಿಗೆ ಮೇಲು ಕೀಳು ಇಲ್ಲ ಅಂತಾರೆ, ಕಟ್ಟಡಕ್ಕೆ ಇದೆ. ಹಿತ್ತಲ ಬಾಗಿಲ ಕಡೆ ಇರುವವರೇ ಮೊದಲು ಉಸಿರು ಕಟ್ಟಿ ಸಾಯುತ್ತಾರೆ.

ಇಂಥ ಜಾಗಗಳ ಮೇಲೆ ಸಿಟ್ಟಾದವರು ಇನ್ನೊಂದು ಜಾತಿಯವರೂ ಇದ್ದಾರೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದವರು. ಅವರು ಸಂಸ್ಕೃತಿ ಅಂದರು. 2018ರಲ್ಲಿ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಖುಲಾಸೆ. ನಮ್ಮ ಸಿಟ್ಟನ್ನು ದಯವಿಟ್ಟು ಆ ಸಿಟ್ಟಿನ ಜೊತೆ ಸೇರಿಸಬೇಡಿ. ಅವರಿಗೆ ಬಾಗಿಲು ಮುಚ್ಚಬೇಕು. ನಮಗೆ ತೆರೆಯಬೇಕು. ಗೇಟಿನಲ್ಲಿ "ನೀನು ಯಾರು, ಯಾರ ಜೊತೆ ಬಂದೆ?" ಅಂತ ಕೇಳುವವನು ದುಡ್ಡಿನ ಕಾವಲುಗಾರನಾದರೂ ಒಂದೇ, ಧರ್ಮದ ಕಾವಲುಗಾರನಾದರೂ ಒಂದೇ.

ಹಾಗಾದರೆ ಏನು ಮಾಡೋಣ? ಬರೀ ಪದ್ಯ ಬರೆದು ಸುಮ್ಮನಾಗೋದಿಲ್ಲ.

ಮೇಷ್ಟ್ರುಗಳೇ, ನಾಳೆ ತರಗತಿಯಲ್ಲಿ 15ನೇ ವಿಧಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಊರಿನ ಯಾವ ಯಾವ ಬಾಗಿಲು ಆ ಪಟ್ಟಿಗೆ ಸೇರುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ. ವಿದ್ಯಾರ್ಥಿಗಳೇ, ಒಬ್ಬೊಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ದುಡ್ಡು ಹಿಡಿದು, ಬಿಲ್ ಕೇಳಿ, ಕುರ್ಚಿ ಕೇಳಿ. ಇಲ್ಲ ಅಂದರೆ ದಿನ, ಹೊತ್ತು, ಆಡಿದ ಮಾತು ಬರೆದಿಡಿ. ಆಗ ಸಾಕ್ಷಿ ಹೇಳಲು ಹೊರಗೇ ಹತ್ತು ಜನ ಇರುತ್ತಾರೆ, ಒಳಗಿನ ಬಡ ಹುಡುಗನ ಕೊರಳಿಗೆ ಆ ಹಗ್ಗ ಬೀಳುವುದಿಲ್ಲ. ಸ್ಥಳೀಯ ಠಾಣೆಗೆ ಹೆದರಿಕೆಯಿದ್ದರೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಬರೆಯಿರಿ. ಸಂಘಟನೆಯ ಗೆಳೆಯರೇ, ಲೋಟ ತೊಳೆಯುವ ಹುಡುಗರನ್ನೂ ಹಣ್ಣು ಕುಯ್ಯುವ ಅವ್ವಂದಿರನ್ನೂ ಒಂದೇ ಸಂಘಕ್ಕೆ ತನ್ನಿ. ಅವರ ಕೆಲಸದ ಹೊತ್ತು, ಸಂಬಳ, ರಜೆ, ಓಡಿಹೋಗಲು ಇನ್ನೊಂದು ಬಾಗಿಲು, ಇವೂ ನಮ್ಮ ಬೇಡಿಕೆಯ ಪಟ್ಟಿಯಲ್ಲಿರಲಿ. ಅವನ ಕೆಲಸ ಗಟ್ಟಿಯಾಗದೆ ನಮ್ಮ ಕುರ್ಚಿ ಗಟ್ಟಿಯಾಗೋದಿಲ್ಲ. ಅವತ್ತು ನಾವು ಸೋತದ್ದು ಇದೊಂದು ಗೊತ್ತಿಲ್ಲದೆ.

ಅವ್ವ ಅವತ್ತು ಮನೆಗೆ ಬಂದು ಸೀರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. "ಇನ್ನೊಂದ್ಸಲ ಹೋಗದಾದ್ರೆ ಹೇಳಿ" ಅಂದಳು. ಹೋಗುತ್ತೇವೆ ಅವ್ವ. ಈ ಸಲ ಐದು ಜನ ಅಲ್ಲ, ಕೇರಿ ಕೇರಿಯೇ ಹೋಗುತ್ತೇವೆ. ಮುಂದಿನ ಬಾಗಿಲಿಂದಲೇ ಹೋಗುತ್ತೇವೆ. ನೀನು ಮಾತ್ರ ಚಪ್ಪಲಿ ಬಿಡಬೇಡ.